ರೀಲ್ಸ್‌ನಾಗ ಕಾಣದ 364 ದಿನ

ಕಾರಹುಣ್ಣಿಮೆ ಹತ್ತಿರ ಬಂತಂದ್ರ ನಮ್ಮ ಕ್ಯಾಂಪಸ್ಸಿನ ವಾಟ್ಸಾಪ್ ಗ್ರೂಪುಗಳು ಎರಡು ಪಾರ್ಟಿ ಆಗ್ತಾವ. ರಾಯಚೂರು, ಮಾನ್ವಿ, ದೇವದುರ್ಗ ಕಡೆಯವರು ಎತ್ತಿನ ಜೋಡಿ ಭಾರದ ಕಲ್ಲು ಎಳೆಯುವ ವಿಡಿಯೋಕ್ಕೆ ಡಿಜೆ ಹಾಡು ಹಾಕಿ "ನಮ್ಮ ಹೆಮ್ಮೆ" ಅಂತ ಸ್ಟೇಟಸ್ ಇಡ್ತಾರ. ಉಳಿದವರು ಅದೇ ವಿಡಿಯೋಕ್ಕೆ ಅಳುವ ಇಮೋಜಿ ಹಾಕಿ "ಇದು ಪ್ರಾಣಿಹಿಂಸೆ" ಅಂತ ಬರೀತಾರ. ಎರಡು ದಿನ ಜಗಳ. ಮೂರನೇ ದಿನ ಇಂಟರ್ನಲ್ಸ್ ಟೈಮ್‌ಟೇಬಲ್ ಬರ್ತದ, ಜಗಳ ಖತಂ.

ನಾನು ಈ ಜಗಳದಾಗ ನಡುವೆ ನಿಂತು ಜಾರಿಕೊಳ್ಳುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಸ್ವಂತ ಎತ್ತು ಕಟ್ಟಿ, ಸಾಕಿ, ಸ್ಪರ್ಧೆಗೆ ಇಳಿಸುವ ರೈತ ಒಬ್ಬ ಹವ್ಯಾಸಿ ಕ್ರೀಡಾಪಟು. ಕುದುರೆ ಸಾಕಿ ಸ್ಪರ್ಧೆಗೆ ಇಳಿಯುವವರಿಗೆ ನಾವು ಎಷ್ಟು ಮರ್ಯಾದೆ ಕೊಡ್ತೀವೋ ಅಷ್ಟೇ ಮರ್ಯಾದೆ ಅವನಿಗೂ ಸಿಗಬೇಕು. ಆದರೆ ಕ್ರೀಡೆ ಅಂತ ಒಪ್ಪಿಕೊಂಡ ಮೇಲೆ ಕ್ರೀಡೆಗೆ ಇರಬೇಕಾದ ಬಿಗಿ ನಿಯಮಗಳನ್ನೂ ಒಪ್ಪಿಕೊಳ್ಳಬೇಕು. ಮರ್ಯಾದೆ ಬೇಕು, ನಿಯಮ ಬೇಡ ಅಂದ್ರ ನಡೆಯಲ್ಲ.

ಗೊತ್ತಿಲ್ಲದವರಿಗೆ ಮೊದಲು ಆಟ ಏನು ಅಂತ ಹೇಳಿಬಿಡ್ತೀನಿ. ರಾಯಚೂರಿನಲ್ಲಿ ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು "ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬ" ನಡೆಸ್ತಾರೆ. ಕುಸ್ತಿ, ಕಲ್ಲು ಎತ್ತುವುದು, ಜಾನಪದ ಮೆರವಣಿಗೆ ಎಲ್ಲ ಇರ್ತಾವ. ಆದರೆ ಜನ ಸೇರುವುದು ರಾಜೇಂದ್ರ ಗಂಜ್ ಮೈದಾನದಾಗ ನಡೆಯುವ ಎತ್ತಿನ ಸ್ಪರ್ಧೆಗೆ. ಒಂದೂವರೆ ಟನ್, ಎರಡು ಟನ್, ಎರಡೂವರೆ ಟನ್ ಹೀಗೆ ಕಲ್ಲಿನ ತೂಕದ ಮೇಲೆ ಬೇರೆ ಬೇರೆ ವಿಭಾಗ. ಕಲ್ಲಿಗೆ ಗಾಲಿ ಇರುವುದಿಲ್ಲ, ನೆಲದ ಮೇಲೆ ಉಜ್ಜಿಕೊಂಡೇ ಬರಬೇಕು. ಕೊಟ್ಟ ವೇಳೆಯೊಳಗೆ ಹೆಚ್ಚು ದೂರ ಎಳೆದ ಜೋಡಿ ಗೆದ್ದಂಗ. ಆಂಧ್ರ, ತೆಲಂಗಾಣದಿಂದಲೂ ಜೋಡಿ ಬರ್ತಾವ. ಬಿಳೀ ಮೈಯ, ಎತ್ತರದ ಡುಬ್ಬದ ಒಂಗೋಲು ಎತ್ತು ಕಣಕ್ಕಿಳಿದರೆ ಸುತ್ತಲಿನವರು ಕೂತಲ್ಲಿಂದ ಎದ್ದು ನಿಲ್ತಾರೆ.

ರೀಲ್ಸ್‌ನಾಗ ನಾವು ನೋಡುವುದು ಇಷ್ಟೇ, ಮೂವತ್ತು ಸೆಕೆಂಡ್. ಉಳಿದ 364 ದಿನದ ಕಥೆ ಹೇಳ್ತೀನಿ ಕೇಳ್ರಿ.

ನಮ್ಮೂರು ಯಾಪಲದಿನ್ನಿ ಕಡೆ. ತೆಲಂಗಾಣ ಗಡಿ ಹತ್ತಿರ, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ನಮ್ಮ ಮಾಮ ಒಂದು ಜೋಡಿ ಎತ್ತು ಕಟ್ಟ್ಯಾನ. ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರ್ತದ, ಎತ್ತು ಇಲ್ಲದಿದ್ದರೂ ಒಕ್ಕಲುತನ ನಡೀತದ. ಆದರೂ ಕಟ್ಟ್ಯಾನ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೊದಲು ಹೋಗುವುದು ಗ್ವಾದ್ಲಿ ಕಡೆಗೆ. ರಾತ್ರಿ ಹಾಕಿದ ಕಣಿಕಿ ಎಷ್ಟು ತಿಂದಾವ, ಎಷ್ಟು ಬಿಟ್ಟಾವ ಅಂತ ನೋಡ್ತಾನ. ಬಿಟ್ಟಿದ್ದರೆ ಹೊಟ್ಟೆ ಸರಿ ಇಲ್ಲ ಅಂತ ಅರ್ಥ. ಸಗಣಿ ನೋಡಿ ಆರೋಗ್ಯ ಹೇಳ್ತಾನ. ಬ್ಲಡ್ ರಿಪೋರ್ಟ್ ಓದೋ ಡಾಕ್ಟರ್ ಮುಖ ಇರ್ತದಲ್ಲ, ಆಗ ಅವನ ಮುಖ ಥೇಟ್ ಹಂಗೇ.

ನೆನೆಸಿದ ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ. ಹುರುಳಿ ಒಂದನ್ನೇ ಲೆಕ್ಕ ಹಾಕ್ರಿ. ಎರಡು ಎತ್ತಿಗೆ ಸೇರಿ ದಿನಕ್ಕೆ ಐದು ಕಿಲೋ ಅಂದ್ರ ತಿಂಗಳಿಗೆ ಒಂದೂವರೆ ಕ್ವಿಂಟಲ್. ಒಂದು ಕ್ವಿಂಟಲ್ ಹುರುಳಿಗೆ ಎಷ್ಟು ಬೀಳ್ತದ ಅಂತ ಗಂಜಿನಾಗ ಒಮ್ಮೆ ಕೇಳಿ ಬರ್ರಿ. ಮೇಲೆ ಮೇವು ಬೇರೆ. ಜೋಳ ಬಿತ್ತುವವರು ಕಡಿಮೆ ಆದ ಮೇಲೆ ಕಣಿಕಿಗೂ ರೊಕ್ಕ ಕೊಡಬೇಕು. ಎಲ್ಲಾ ಹತ್ತಿ, ಮೆಣಸಿನಕಾಯಿ, ಭತ್ತ ಆದ್ರ ಎತ್ತು ತಿನ್ನೋದೇನು?

ಆಮೇಲೆ ನಡಿಗೆ. ಸ್ಪರ್ಧೆಗೆ ಮೂರು ತಿಂಗಳು ಇದೆ ಅನ್ನುವಾಗ ಮಣ್ಣಿನ ದಾರಿಯಲ್ಲಿ ಬರೀ ನಡೆಸುವುದು, ಆಮೇಲೆ ಮರಳಿನ ಚೀಲ ಹೇರಿದ ಬಂಡಿ, ಆಮೇಲೆ ಸಣ್ಣ ಕಲ್ಲು. ಏಕ್‌ದಂ ಭಾರ ಹಾಕಿದರೆ ಹೆಗಲು ಬಾಯುತ್ತದೆ. ಒಮ್ಮೆ ಹೆಗಲಿಗೆ ಹುಣ್ಣಾದರೆ ಆ ವರ್ಷದ ಆಟ ಮುಗಿದಂಗ. ನೀರಿದ್ದಾಗ ಈಜಿಸ್ತಾರೆ, ಕಾಲಿಗೆ ಭಾರ ಬೀಳದೆ ದಮ್ಮು ಬೆಳೀತದ ಅಂತ. ಕ್ರೀಡಾ ವಿಜ್ಞಾನದ ಪುಸ್ತಕದಾಗ ಹೊರೆಯನ್ನು ಹಂತ ಹಂತವಾಗಿ ಏರಿಸಬೇಕು ಅಂತ ಇರ್ತದಲ್ಲ, ನಮ್ಮ ಮಾಮ ಅದನ್ನು ಓದಿಲ್ಲ. ಅವನ ಅಪ್ಪ ಮಾಡಿದ್ದನ್ನು ನೋಡಿ ಮಾಡ್ತಾನ.

ಮದುವಿಗೆ ಹೋದರೂ ರಾತ್ರಿ ತಿರುಗಿ ಬರಬೇಕು. ಮಗಳ ಸೀಮಂತಕ್ಕ ಹೋದವನು ಊಟ ಮಾಡಿ ಎದ್ದು ಬಂದ. ಅತ್ತಿ ಬೈದಳು. ನಾನೂ ಕೇಳಿದೆ, "ಮಾಮಾ, ಒಂದು ದಿನ ಯಾರಿಗಾದ್ರೂ ಹೇಳಿ ಇರಬಾರದಾ?" ಅವನು ಅಂದಿದ್ದು ಇಷ್ಟೇ: "ಎತ್ತಿಗೆ ಸೀಮಂತ ಗೊತ್ತಾಗಲ್ಲ ತಮ್ಮಾ, ಅದಕ್ಕ ಹಸಿವು ಗೊತ್ತಾಗ್ತದ."

ಗೆದ್ದರೆ ಎಷ್ಟು ಸಿಗ್ತದ ಅಂತ ಕೇಳ್ತೀರಿ. ಗೆದ್ದವರಿಗೂ ಬಹುಮಾನದ ರೊಕ್ಕ ವರ್ಷದ ಹುರುಳಿ, ಹಿಂಡಿ, ಲಾಳ, ಗಾಡಿ ಬಾಡಿಗೆಗೆ ಸರಿಹೋಗುವುದು ಕಷ್ಟ. ಮೂರೋ ನಾಲ್ಕೋ ಜೋಡಿಗೆ ಬಹುಮಾನ, ಉಳಿದವರು ಖಾಲಿ ಕೈಲಿ ಊರಿಗೆ. ಆದರೂ ಮರುದಿನ ನಾಲ್ಕಕ್ಕೆ ಏಳುವುದು ತಪ್ಪಲ್ಲ. ಇದನ್ನು ಹವ್ಯಾಸಿ ಕ್ರೀಡೆ ಅನ್ನದೆ ಇನ್ನೇನು ಅನ್ನಬೇಕು?

ಈಗ ಕುದುರೆ ಕಡೆ ಬರೋಣ. ರಾಯಚೂರಿಗೂ ಕುದುರೆಗೂ ಹಳೇ ನಂಟು. 1520ರ ರಾಯಚೂರು ಯುದ್ಧಕ್ಕೆ ನೆಪ ಆಗಿದ್ದೇ ಕುದುರೆ ವ್ಯಾಪಾರ ಅಂತ ಪೋರ್ಚುಗೀಸ ನೂನಿಜ್ ಬರೆದಿಟ್ಟಾನ. ಗೋವಾದಿಂದ ಕುದುರೆ ತರಲು ಕೃಷ್ಣದೇವರಾಯ ಕೊಟ್ಟ ನಲವತ್ತು ಸಾವಿರ ಪರ್ದಾವ್ ಹಣದೊಂದಿಗೆ ವ್ಯಾಪಾರಿ ಆದಿಲ್‌ಶಾಹಿ ಸೀಮೆಗೆ ಓಡಿಹೋದನಂತೆ. ಕೃಷ್ಣಾ-ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನಾಗ ಕುದುರೆ ಯಾವಾಗಲೂ ರಾಜರ ಸೊತ್ತು. ಸಮುದ್ರದಾಚೆಯಿಂದ ಬರಬೇಕು, ಖಜಾನೆಯಿಂದ ರೊಕ್ಕ ಹೋಗಬೇಕು. ರೈತನ ಮನೀಗೆ ದಕ್ಕಿದ್ದು ಎತ್ತು. ಹಂಗಾಗಿ ನಮ್ಮ ಕಡೆ ಪ್ರಾಣಿ ಜೊತೆ ಸ್ಪರ್ಧೆಗಿಳಿಯುವ ಮನುಷ್ಯನನ್ನು ಹುಡುಕಿದರೆ ಅವನು ಕುದುರೆ ಮೇಲೆ ಇರುವುದಿಲ್ಲ, ಎತ್ತಿನ ಹಿಂದೆ ಇರ್ತಾನ.

ಇವತ್ತು ಕುದುರೆ ಸವಾರಿ ಅಂದರೆ ಕನ್ನಡಿಗರಿಗೆ ನೆನಪಾಗುವ ಹೆಸರು ಬೆಂಗಳೂರಿನ ಫವಾದ್ ಮಿರ್ಜಾ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ, ತಂಡದ ಬೆಳ್ಳಿ ಎರಡೂ ತಂದರು. ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದು ಆಗ 36 ವರ್ಷ ಆಗಿತ್ತು, 1982ರ ದೆಹಲಿ ಏಷ್ಯನ್ ಗೇಮ್ಸ್ ನಂತರ ಅದೇ ಮೊದಲು. ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೆನ್ಯೋರ್ ಮೆಡಿಕಾಟ್ ಅನ್ನುವ ಕುದುರೆಯೊಂದಿಗೆ 23ನೇ ಸ್ಥಾನ. ಆ ಕುದುರೆ ಏಷ್ಯನ್ ಗೇಮ್ಸ್ ನಂತರ ಗಾಯದಿಂದ ಬಹಳ ಕಾಲ ಹೊರಗಿತ್ತು. ಕಾದರು, ಆರೈಕೆ ಮಾಡಿದರು, ಮತ್ತೆ ಕಟ್ಟಿ ಬೆಳೆಸಿದರು, ಆಮೇಲೆ ಒಲಿಂಪಿಕ್ಸ್‌ಗೆ ಇಳಿಸಿದರು.

ಇವೆಂಟಿಂಗ್ ಅಂದರೆ ಒಂದೇ ಕುದುರೆ ಮೂರು ಪರೀಕ್ಷೆ ಬರೆದಂಗ. ಮೊದಲು ಡ್ರೆಸಾಜ್, ಅಂದರೆ ಸವಾರನ ಸೂಚನೆ ಎಷ್ಟು ನವಿರಾಗಿ ಪಾಲಿಸ್ತದ ಅನ್ನೋದು. ಎರಡನೇದು ಬಯಲಲ್ಲಿ ಮರದ ದಿಮ್ಮಿ, ನೀರು, ಹಳ್ಳ ಹಾರುವ ಕ್ರಾಸ್ ಕಂಟ್ರಿ. ಮೂರನೇದು ಅಂಕಣದೊಳಗೆ ಅಡ್ಡಪಟ್ಟಿ ಹಾರುವುದು. ಇದರಾಗ ನನಗೆ ಬಹಳ ಮುಖ್ಯ ಅನಿಸಿದ್ದು ಬೇರೇನೇ. ಸ್ಪರ್ಧೆ ಶುರುವಾಗುವ ಮುಂಚೆ ಒಮ್ಮೆ, ಕ್ರಾಸ್ ಕಂಟ್ರಿ ಮುಗಿದು ಕೊನೆಯ ಹಾರಾಟಕ್ಕೆ ಮುಂಚೆ ಇನ್ನೊಮ್ಮೆ, ಕುದುರೆಯನ್ನು ತೀರ್ಪುಗಾರರು ಮತ್ತು ಪಶುವೈದ್ಯರ ಮುಂದೆ ಓಡಿಸಿ ತೋರಿಸಬೇಕು. ಕುಂಟಿದರೆ ಮುಗೀತು. ಪಾಯಿಂಟ್ಸ್‌ನಲ್ಲಿ ಮೊದಲ ಸ್ಥಾನದಲ್ಲಿದ್ದರೂ ಮನೆಗೆ ನಡೀಬೇಕು. ಅಂದರೆ ಪ್ರಾಣಿಯ ಆರೋಗ್ಯ ಮಾಲೀಕನ ಒಳ್ಳೆಯತನಕ್ಕೆ ಬಿಟ್ಟ ವಿಷಯ ಅಲ್ಲ. ಅದು ರೂಲ್ ಬುಕ್ಕಿನೊಳಗೇ ಇದೆ.

ಹಂಗಂತ ದೊಡ್ಡವರ ಆಟ ಎಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಅದೇ ಟೋಕಿಯೊದಲ್ಲಿ ಕ್ರಾಸ್ ಕಂಟ್ರಿ ಓಡುವಾಗ ಕಾಲಿನ ಸ್ನಾಯುಬಂಧ ಹರಿದು ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಅನ್ನುವ ಕುದುರೆಗೆ ದಯಾಮರಣ ಕೊಡಬೇಕಾಯಿತು. ರೊಕ್ಕ, ವೈದ್ಯರು, ನಿಯಮ ಎಲ್ಲ ಇದ್ದೂ ಆಗಿದ್ದು ಇದು. ಇನ್ನೊಂದು ಘಟನೆ ಮಾಡರ್ನ್ ಪೆಂಟಾಥ್ಲಾನ್‌ನದು. ಅಲ್ಲಿ ಸವಾರರಿಗೆ ಸ್ವಂತ ಕುದುರೆ ಇರುತ್ತಿರಲಿಲ್ಲ. ಚೀಟಿ ಎತ್ತಿ ಬಂದ ಅಪರಿಚಿತ ಕುದುರೆಯೊಂದಿಗೆ ಇಪ್ಪತ್ತು ನಿಮಿಷ ಪರಿಚಯ ಮಾಡಿಕೊಂಡು ಕಣಕ್ಕಿಳಿಯಬೇಕಿತ್ತು. ಅಲ್ಲಿಯವರೆಗೆ ಮುಂದಿದ್ದ ಜರ್ಮನಿಯ ಆನ್ನಿಕಾ ಶ್ಲಾಯ್‌ಗೆ ಬಂದ ಸೇಂಟ್ ಬಾಯ್ ಅನ್ನುವ ಕುದುರೆ ಹಾರಲು ಒಲ್ಲೆ ಅಂತು. ಆಕೆ ಅತ್ತಳು, ಚಾಟಿ ಬೀಸಿದಳು. ಬೇಲಿಯ ಆಚೆಯಿಂದ ಕೋಚ್ ಕುದುರೆಗೆ ಮುಷ್ಟಿಯಿಂದ ಹೊಡೆದು ಅನರ್ಹರಾದರು. ಜಗತ್ತೆಲ್ಲ ನೋಡಿತು. ಕೊನೆಗೆ 2024ರ ಪ್ಯಾರಿಸ್ ನಂತರ ಪೆಂಟಾಥ್ಲಾನ್‌ನಿಂದ ಕುದುರೆ ಸವಾರಿಯನ್ನೇ ತೆಗೆದು ಹಾಕಿದರು.

ನನಗೆ ಇಲ್ಲಿ ಕಾಣುವ ಪಾಠ ಇದು: ಪ್ರಾಣಿ ಜೊತೆ ಆಡುವ ಆಟದಾಗ ಆ ಒಂದು ದಿನಕ್ಕಿಂತ ಹಿಂದಿನ 364 ದಿನ ಮುಖ್ಯ. ಇಪ್ಪತ್ತು ನಿಮಿಷದ ಪರಿಚಯದಲ್ಲಿ ಪ್ರಾಣಿ ಬರೀ ಉಪಕರಣ ಆಗಿಬಿಡ್ತದ. ನಾಲ್ಕು ವರ್ಷ ಕೈಯಾರೆ ಮೇವು ಹಾಕಿದವನಿಗೆ ಅದರ ಉಸಿರು ಬದಲಾದರೂ ಗೊತ್ತಾಗ್ತದ. ಹಂಗಾಗಿ ಸ್ವಂತ ಎತ್ತು ಸಾಕಿ ಸ್ವಂತ ಎತ್ತಿನ ಜೊತೆ ಇಳಿಯುವ ನಮ್ಮ ರೈತನ ಪದ್ಧತಿ ತಾತ್ವಿಕವಾಗಿ ಪೆಂಟಾಥ್ಲಾನ್‌ಗಿಂತ ಮೇಲು. ಕೊರತೆ ಇರುವುದು ಆ ಒಂದು ದಿನದ ವ್ಯವಸ್ಥೆಯಲ್ಲಿ.

ಯಾಕಂದರೆ ಕಣಕ್ಕೆ ಇಳಿದ ಮೇಲೆ ಪ್ರೀತಿ ಒಂದರಿಂದಲೇ ಕೆಲಸ ಆಗಲ್ಲ. ಸುತ್ತ ಸಾವಿರಾರು ಜನ ಕೂಗ್ತಿರ್ತಾರೆ. ವರ್ಷದ ಖರ್ಚು ಕಣ್ಣ ಮುಂದೆ ಇರ್ತದ. ಪಕ್ಕದೂರಿನ ಜೋಡಿ ಎರಡು ಮಾರು ಮುಂದೆ ಹೋಗ್ಯದ. ಆಗ ಬಾರುಕೋಲು ತಾನಾಗಿ ಏಳ್ತದ. ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಕೊಟ್ಟ ತೀರ್ಪು ಓದಿದರೆ ಬಾಲ ತಿರುಚುವಂಥ ಎಷ್ಟೋ ಕ್ರೌರ್ಯಗಳ ವಿವರ ಸಿಗ್ತದ. ಆ ತೀರ್ಪಿನ ನಂತರ ನಮ್ಮ ರಾಜ್ಯ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟಕ್ಕೆ ಷರತ್ತಿನ ಮೇಲೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. "ಕೋರ್ಟೇ ಒಪ್ಯಾದ" ಅಂತ ನಮ್ಮವರು ಎದೆ ತಟ್ಟಿಕೊಳ್ತಾರೆ. ಪಾಸಿಂಗ್ ಮಾರ್ಕ್ಸ್ ಬಂತು ಅಂತ ಡಿಸ್ಟಿಂಕ್ಷನ್ ಬಂದಂಗ ಕುಣಿಯೋದು ಯಾಕ?

ಇಲ್ಲಿಂದ ಮುಂದಿನದು ನಮ್ಮ ಸಬ್ಜೆಕ್ಟು. ಫಸ್ಟ್ ಸೆಮ್ ಮೆಕ್ಯಾನಿಕ್ಸ್ ನೆನಪಿದ್ದರೆ ಸಾಕು.

ಕಲ್ಲಿನ ಮೇಲೆ "2 ಟನ್" ಅಂತ ಬರೆದಿರ್ತಾರೆ. ಎತ್ತಿನ ಹೆಗಲಿಗೆ ಬರುವುದು ಆ ಎರಡು ಟನ್ ಅಲ್ಲ, ಘರ್ಷಣೆ. ಘರ್ಷಣಾಂಕ 0.4 ಅಂತ ಹಿಡಿದರೆ 2000 ಕಿಲೋ ಕಲ್ಲನ್ನು ಎಳೆಯಲು ಸುಮಾರು 800 ಕಿಲೋಗ್ರಾಂ-ಬಲ ಬೇಕು. ಅದೇ ಕಲ್ಲು, ನೆಲ ಬದಲಾಗಿ 0.6 ಆಯಿತು ಅನ್ನೋಣ, 1200 ಬೇಕು. ಒಂದೊಂದು ಎತ್ತು 500 ಕಿಲೋ ತೂಗಿದರೆ ಜೋಡಿಯ ಮೈತೂಕವೇ 1000. ದಿನವಿಡೀ ನೇಗಿಲು ಎಳೆಯುವಾಗ ಎತ್ತು ಆರಾಮಾಗಿ ಹಾಕುವ ಬಲ ತನ್ನ ಮೈತೂಕದ ಹತ್ತನೇ ಒಂದು ಭಾಗದ ಆಸುಪಾಸು. ಸ್ಪರ್ಧೆಯಲ್ಲಿ ಅದರ ಏಳೆಂಟು ಪಟ್ಟು, ನೆಲ ಕೆಟ್ಟಿದ್ದರೆ ಹನ್ನೆರಡು ಪಟ್ಟು ಕೇಳ್ತಿದ್ದೀವಿ. ಮೇಲೆ, ನಿಂತ ಕಲ್ಲನ್ನು ಕದಲಿಸಲು ಬೇಕಾದ ಬಲ ಚಲಿಸುವ ಕಲ್ಲಿಗಿಂತ ಜಾಸ್ತಿ. ಪ್ರತಿ ಸಲ ನಿಲ್ಲಿಸಿ ಮತ್ತೆ ಎಬ್ಬಿಸಿದಾಗ ಆ ಜಗ್ಗು ನೇರ ಹೆಗಲಿಗೆ.

ಈ ಲೆಕ್ಕದಿಂದ ಎರಡು ಮಾತು ಹೊರಡ್ತಾವ. ಒಂದು, ಅದೇ ತೂಕದ ಕಲ್ಲು ಬೆಳಿಗ್ಗೆ ಒಂದು ಭಾರ, ಮಳೆ ಬಿದ್ದ ಮೇಲೆ ಇನ್ನೊಂದು ಭಾರ. ಹಂಗಾದ್ರ ಮೊದಲು ಎಳೆದ ಜೋಡಿಗೂ ಕೊನೆಗೆ ಎಳೆದ ಜೋಡಿಗೂ ಒಂದೇ ಪರೀಕ್ಷೆ ಆಯ್ತಾ? ಇದು ರೈತನಿಗೆ ಆಗುವ ಅನ್ಯಾಯ. ಎರಡು, ಹೆಚ್ಚು ಘರ್ಷಣೆಯ ನೆಲದಲ್ಲಿ ಎತ್ತಿನ ಮೇಲೆ ಬೀಳುವ ಹೊರೆ ಯಾರ ಲೆಕ್ಕದಲ್ಲೂ ಇಲ್ಲ. ಇದು ಎತ್ತಿಗೆ ಆಗುವ ಅನ್ಯಾಯ. ಎರಡಕ್ಕೂ ಔಷಧ ಒಂದೇ: ಅಳತೆ.

ಒಂದು ಟ್ರ್ಯಾಕ್ಟರ್, ಸರಪಳಿ ನಡುವೆ ಒಂದು ಲೋಡ್ ಸೆಲ್, ಒಂದು ಡೇಟಾ ಲಾಗರ್. ಸ್ಪರ್ಧೆಯ ಹಿಂದಿನ ದಿನ ಕಣದಲ್ಲಿ ಆ ಕಲ್ಲನ್ನು ಎಳೆದು ನೋಡಿದರೆ ನೆಲದ ಘರ್ಷಣೆ ಎಷ್ಟು ಅಂತ ಗೊತ್ತಾಗ್ತದ. ಅದರ ಮೇಲೆ ಕಲ್ಲಿನ ತೂಕ ನಿಗದಿ ಮಾಡಬಹುದು. ಬೆಳಿಗ್ಗೆ, ಮಧ್ಯಾಹ್ನ ಮತ್ತೆ ಅಳೆದು ನೆಲ ಹದ ಮಾಡಬಹುದು. ಬಿಸಿಲು, ತೇವಾಂಶ ಅಳೆಯುವ ಸೆನ್ಸರ್ ಇಟ್ಟು, ಇಷ್ಟು ದಾಟಿದರೆ ಆಟ ನಿಲ್ಲಿಸಬೇಕು ಅಂತ ನಿಯಮ ಮಾಡಬಹುದು. ರಾಯಚೂರಿನ ಬಿಸಿಲು ಕಾರಹುಣ್ಣಿಮೆಗೆ ಇಳಿದಿರುತ್ತದೆ ಅಂತ ಗ್ಯಾರಂಟಿ ಏನಿಲ್ಲ. ಇದೆಲ್ಲ ಕಷ್ಟದ ತಂತ್ರಜ್ಞಾನ ಅಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಅಂತ ನಾವು ಪ್ರತಿ ವರ್ಷ ಅದೇ ಅಟೆಂಡೆನ್ಸ್ ಆ್ಯಪ್ ಮಾಡುವ ಬದಲು ಇದನ್ನು ಮಾಡಬಹುದು. ಕರಾವಳಿಯ ಕಂಬಳದಲ್ಲಿ ಲೇಸರ್ ಕಿರಣದಿಂದ ಗೆಲುವು ತೀರ್ಮಾನ ಮಾಡುವ ವ್ಯವಸ್ಥೆ ಬಂದಾಗ್ಯದ. ಸಂಪ್ರದಾಯ ಅದರಿಂದ ಕೆಡಲಿಲ್ಲ.

ಕಂಬಳ ಅಂದಾಗ ಇನ್ನೊಂದು ಮಾತು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಓಡಿಸಿದ ಆ ಜೋಡಿ ಕೋಣಗಳ ಬಗ್ಗೆ, ಅವನ್ನು ವರ್ಷಪೂರ್ತಿ ಸಾಕಿದವರ ಬಗ್ಗೆ ಎಷ್ಟು ಮಂದಿ ಕೇಳಿದರು? ರೀಲ್ಸ್ ಯಾವಾಗಲೂ ಹಿಂಗೇ, ಕೊನೆಯ ಸೆಕೆಂಡಿನ ಮನುಷ್ಯನನ್ನಷ್ಟೇ ತೋರಿಸ್ತದ.

ಅಳತೆಯ ಜೊತೆ ಇನ್ನೂ ಮೂರು ನಿಯಮ ನನ್ನ ಪಟ್ಟಿಯಲ್ಲಿವೆ. ಇಳಿಯುವ ಮುಂಚೆ ಮತ್ತು ಎಳೆದ ಮೇಲೆ ಪಶುವೈದ್ಯರ ತಪಾಸಣೆ. ಹೆಗಲಲ್ಲಿ ಹುಣ್ಣಿದ್ದರೆ, ಕುಂಟುತ್ತಿದ್ದರೆ ಅವಕಾಶ ಇಲ್ಲ. ಕಣದೊಳಗೆ ಬಾರುಕೋಲು ಇಲ್ಲ, ಬರೀ ಬಾಯಿ ಮಾತು. ಹೊಡೆದರೆ ಎಳೆದ ದೂರದಲ್ಲಿ ಕಡಿತ. ಮೂರನೇದು ನನ್ನ ಇಷ್ಟದ್ದು: ದೂರದ ಬಹುಮಾನದಷ್ಟೇ ದೊಡ್ಡ ಬಹುಮಾನ "ಚೆನ್ನಾಗಿ ಸಾಕಿದ ಜೋಡಿ"ಗೆ. ಹೆಗಲು, ಗೊರಸು, ಕಣ್ಣು, ಮೈ ನೋಡಿ ಪಶುವೈದ್ಯರು ಕೊಡಲಿ. ಆಗ 364 ದಿನಕ್ಕೂ ಮಾರ್ಕ್ಸ್ ಸಿಕ್ಕಂಗ ಆಗ್ತದ.

ಇದಕ್ಕೆ ಎರಡೂ ಕಡೆಯಿಂದ ವಿರೋಧ ಬರ್ತದ ಅಂತ ನನಗೆ ಗೊತ್ತು. ಹಳ್ಳಿ ಕಡೆಯವರು, "ಬಡವರ ಆಟಕ್ಕ ಇಷ್ಟೆಲ್ಲ ರೂಲ್ಸ್ ಯಾಕಪ್ಪಾ?" ಅಂತಾರೆ. ನನ್ನ ಉತ್ತರ: ರೂಲ್ಸ್ ಇಲ್ಲದಾಗ ರೊಕ್ಕ ಇದ್ದವನೇ ಗೆಲ್ತಾನ. ಒಂದು ಸ್ಪರ್ಧೆಯಲ್ಲಿ ಎತ್ತನ್ನು ಹಿಂಡಿ ಹಾಳು ಮಾಡಿ ಇನ್ನೊಂದು ಜೋಡಿ ಕೊಳ್ಳುವ ತಾಕತ್ತು ಅವನಿಗೇ ಇರೋದು. ಇರೋ ಒಂದೇ ಜೋಡಿಯನ್ನು ಮಗನಂಗ ನೋಡಿಕೊಳ್ಳುವ ನಮ್ಮ ಮಾಮನಂಥವನಿಗೆ ನಿಯಮವೇ ರಕ್ಷಣೆ.

ಇನ್ನೊಂದು ಕಡೆಯವರು, "ನಿಲ್ಲಿಸಿಬಿಟ್ಟರೆ ಆಯ್ತಲ್ಲ, ಎತ್ತು ಆರಾಮಾಗಿರ್ತದ" ಅಂತಾರೆ. ಗೆಳೆಯರೇ, ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಮನೆಯ ಗ್ವಾದ್ಲಿ ಖಾಲಿ ಬಿದ್ದಾವ. ಬೇಡಾದ ಎತ್ತು ಹಿತ್ತಲಲ್ಲಿ ಆರಾಮಾಗಿ ಮಲಗಿರಲ್ಲ, ಸಂತೆಗೆ ಹೋಗ್ತದ. ಸಂತೆಯಿಂದ ಎಲ್ಲಿಗೆ ಅಂತ ಮಾರಿದವರು ಕೇಳೋದಿಲ್ಲ. ಇವತ್ತು ಹುರುಳಿ ತಿಂದು ಮಿರಿಮಿರಿ ಮಿಂಚುವ ಜೋಡಿ ಒಂದು ಊರಿನಾಗ ಕಂಡರೆ, ಬಹಳ ಸಲ ಅದರ ಹಿಂದೆ ಒಂದು ಸ್ಪರ್ಧೆಯ ಆಸೆ ಇರ್ತದ. ಆಟ ನಿಂತರೆ ಮೊದಲು ಹೋಗೋದು ಎತ್ತು, ಆಮೇಲೆ ಅದನ್ನು ಸಾಕುವ ವಿದ್ಯೆ. ಸಗಣಿ ನೋಡಿ ಕಾಯಿಲೆ ಹೇಳುವವನ ನಂತರ ಅದನ್ನು ಕಲಿಸುವವರು ಯಾರೂ ಇರುವುದಿಲ್ಲ. ನಾನಂತೂ ಕಲಿತಿಲ್ಲ, ನಾನು ಪೈಥಾನ್ ಕಲೀತಿದ್ದೀನಿ.

ಹಂಗಾಗಿ ಕನ್ನಡ ಸಂಘದ ಮುಂದೆ, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳೆಯರ ಮುಂದೆ ನನ್ನ ಬೇಡಿಕೆ ಇದು. ಮುಂದಿನ ಕಾರಹುಣ್ಣಿಮೆಗೆ ಮುಂಚೆ ನಾಲ್ಕೈದು ಮಂದಿ ಸೇರಿ ಒಂದು ಲೋಡ್ ಸೆಲ್ ಸೆಟಪ್ ಮಾಡೋಣ. ಮೊದಲು ನಮ್ಮೂರ ಕಡೆ, ಎತ್ತು ಇಲ್ಲದೆ ಬರೀ ಟ್ರ್ಯಾಕ್ಟರ್ ಕಟ್ಟಿ, ಕರಿ ಮಣ್ಣು, ಕೆಂಪು ಮಣ್ಣು, ಹಸಿ ನೆಲ, ಒಣ ನೆಲ ಎಲ್ಲದರ ಮೇಲೂ ಕಲ್ಲು ಎಳೆದು ಅಂಕಿ ಬರೆದುಕೊಳ್ಳೋಣ. ಆ ಅಂಕಿ ಹಿಡಿದುಕೊಂಡು ಸ್ಪರ್ಧೆ ನಡೆಸುವ ಹಿರಿಯರ ಹತ್ತಿರ ಹೋಗೋಣ. ಬೈಯ್ದರೆ ಬೈಸಿಕೊಳ್ಳೋಣ, ಚಹಾ ಕೊಟ್ಟರೆ ಕುಡಿಯೋಣ. ಟ್ರ್ಯಾಕ್ಟರ್ ಕೊಡಿಸುವ ಜವಾಬ್ದಾರಿ ನನ್ನದು. ಬರುವವರು ಸಂಘದ ನೋಟಿಸ್ ಬೋರ್ಡಿನ ಹಾಳೆಯಲ್ಲಿ ಹೆಸರು, ಯುಎಸ್‌ಎನ್ ಬರೆದುಹೋಗ್ರಿ.